ರುಕ್ಮಿಣೀಬಾಯಿಯವರ ತಪಾಸಣೆ

ರುಕ್ಮಿಣೀಬಾಯಿ ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಿಂದೆ ಜೊತೆಯಲ್ಲಿ ಕೆಲಸ ಮಾಡಿದ ಹೊರ್ತಿಯ ಸುಂದರವ್ವನನ್ನು ಕರೆದುಕೊಂಡು ಕಾಶಿಗೆ ಹೊರಟಿದ್ದರು. ಇಬ್ಬರಿಗೂ ಅದು ಮೊದಲ ವಿಮಾನ ಪ್ರಯಾಣ.

ನಾಲ್ಕು ವರ್ಷದ ಹಿಂದೆ ಕ್ಯಾನ್ಸರಿನಿಂದ ರುಕ್ಮಿಣೀಬಾಯಿಯವರ ಎಡ ಸ್ತನ ತೆಗೆದಿದ್ದರು. ಈಗ ರವಿಕೆಯೊಳಗೆ ಸಿಲಿಕೋನಿನ ಕೃತಕ ಸ್ತನ ಇಟ್ಟುಕೊಳ್ಳುತ್ತಿದ್ದರು. ಮಗನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸುಂದರವ್ವನಿಗೂ ಗರ್ಭಚೀಲದ ಆಪರೇಶನ್ ಎಂದೇ ಹೇಳಿದ್ದರು.

ನಿಲ್ದಾಣದಲ್ಲಿ ಹೆಂಗಸರ ಪರದೆಯ ಹಿಂದೆ ತಪಾಸಣೆ ಮಾಡುತ್ತಿದ್ದವಳ ಕೈ ಅಲ್ಲಿಗೆ ಬಂದು ನಿಂತಿತು. ರುಕ್ಮಿಣೀಬಾಯಿ ಸಣ್ಣ ದನಿಯಲ್ಲಿ ವಿಷಯ ಹೇಳಿ ಡಾಕ್ಟರ ಪತ್ರ ಕೊಟ್ಟರು. ಅವಳು ಅರ್ಧ ಓದಿ, "ತೆಗೆದು ಟ್ರೇನಲ್ಲಿ ಇಡಿ, ಮಷೀನಿಗೆ ಹಾಕ್ಬೇಕು" ಅಂದಳು.

"ಕೈಯಿಂದ ಎಷ್ಟು ಸಲ ಬೇಕಾದ್ರೂ ನೋಡ್ರಿ, ಅದು ನಿಮ್ಮ ಕೆಲಸ ಅದ. ತಗದು ಇಡಂಗಿಲ್ಲ."

"ಹಾಗಾದ್ರೆ ವಿಮಾನ ಹತ್ತೋಕಾಗಲ್ಲ."

"ಅದನ್ನ ಬರದು ಕೊಡ್ರಿ. ಯಾವ ನಿಯಮ ಅಂತನೂ ಬರೀರಿ. ಇಲ್ಲಾ ನಿಮ್ಮ ಮ್ಯಾಲಿನವ್ರನ್ನ ಕರೀರಿ. ನಾ ಇಲ್ಲೇ ನಿಂದರ್ತೇನಿ."

ಹಿಂದಿದ್ದ ಸುಂದರವ್ವ ಪರದೆ ಸರಿಸಿ, "ಏನಾತ್ರಿ ಅಕ್ಕಾರ?" ಅಂದಳು. ಉತ್ತರ ಕೊಟ್ಟವಳು ತಪಾಸಣೆಯವಳೇ: "ಇವರು ಹಾಕಿಕೊಂಡಿರೋ ಎದೆ ತೆಗೆಯಲ್ಲವಂತೆ." ಪಕ್ಕದ ಸಾಲಿನ ಗಂಡಸರು ತಿರುಗಿ ನೋಡಿದರು. ರುಕ್ಮಿಣೀಬಾಯಿ ತಲೆ ತಗ್ಗಿಸದೆ ಟ್ಯೂಬ್‌ಲೈಟ್ ನೋಡುತ್ತ ನಿಂತರು.

ಮೇಲಧಿಕಾರಿ ಬರಲು ಅರ್ಧ ತಾಸು ಹಿಡಿಯಿತು. ನಡುವಯಸ್ಸಿನ ಹೆಂಗಸು. ಪತ್ರ ಪೂರ್ತಿ ಓದಿ, ಅವರನ್ನು ಒಂದು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಬಟ್ಟೆಯ ಮೇಲಿಂದಲೇ ಕೈಯಾಡಿಸಿ, ಅವರ ಅಂಗೈಗೆ ಒಂದು ಪಟ್ಟಿ ಒರೆಸಿ ಸ್ಫೋಟಕ ಪತ್ತೆ ಮಾಡುವ ಯಂತ್ರಕ್ಕೆ ಹಿಡಿದರು. ಏನೂ ತೋರಲಿಲ್ಲ.

"ತೆಗೀರಿ ಅಂತ ಹೇಳೋ ಅಧಿಕಾರ ಅವಳಿಗಿರಲಿಲ್ಲ. ಕ್ಷಮಿಸಿ."

"ಇದನ್ನ ನಾ ದೂರಿನಾಗ ಬರೀತೇನಿ," ಅಂದರು ರುಕ್ಮಿಣೀಬಾಯಿ.

ಎರಡು ಪುಟ ಬರೆದು ಹೊರಬರುವಷ್ಟರಲ್ಲಿ ವಿಮಾನ ಹೋಗಿತ್ತು. ಸುಂದರವ್ವ ಹತ್ತಿರಲಿಲ್ಲ. ಇಬ್ಬರ ಚೀಲವನ್ನೂ ಕಾಲ ಬಳಿ ಇಟ್ಟುಕೊಂಡು ಕುಳಿತಿದ್ದಳು.

"ನೀ ಯಾಕ ಹೋಗ್ಲಿಲ್ಲ?"

"ಒಬ್ಬಾಕಿ ಹೋಗಿ ಏನ್ ಮಾಡ್ಲಿರಿ." ಪಕ್ಕದಲ್ಲಿ ಅವರಿಗೆ ಜಾಗ ಮಾಡಿಕೊಟ್ಟು ಸುಂದರವ್ವ ಕೇಳಿದಳು, "ಗರ್ಭಚೀಲ ಅಂದಿದ್ರಿ?"

"ಅಂದಿದ್ದೆ."

"ಭಾಳ ನೋವಾಗಿತ್ತೇನ್ರಿ?"

ರುಕ್ಮಿಣೀಬಾಯಿ ಮೊದಲ ಸಲ ಎಲ್ಲ ಹೇಳಿದರು. ಟಿಕೆಟ್ ಬದಲಿಸಿ ಸಿಕ್ಕ ಸಂಜೆಯ ವಿಮಾನದ ತನಕ ಹೇಳಿದರು. ಸುಂದರವ್ವ ನಡುವೆ ಒಮ್ಮೆ ಎದ್ದು ಚಹಾ ತಂದಳು.

ಎರಡು ತಿಂಗಳ ಮೇಲೆ ದೂರಿಗೆ ಉತ್ತರ ಬಂತು. ತಪ್ಪು ಒಪ್ಪಿಕೊಂಡಿದ್ದರು. ಇಂಥ ಪ್ರಯಾಣಿಕರನ್ನು ಕೋಣೆಯಲ್ಲೇ ನೋಡಬೇಕು, ಏನನ್ನೂ ತೆಗೆಸಬಾರದು ಎಂದು ಸಿಬ್ಬಂದಿಗೆ ತಿಳಿಸಲಾಗಿದೆ ಎಂದಿತ್ತು. ಸೊಲ್ಲಾಪುರದ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದಾಗ ರುಕ್ಮಿಣೀಬಾಯಿ ಆ ಪತ್ರವನ್ನು ಒಯ್ದಿದ್ದರು. ಅಲ್ಲಿ ಕಾಯುತ್ತಿದ್ದ ಹೆಂಗಸರಲ್ಲಿ ಮೂವರು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು.