ಅದೇ ಪಾತ್ರೆಯ ಪಲ್ಯ

ತಳ ಹತ್ತಿದ ಹಾಲಿನ ವಾಸನೆ ಹೇಗಿರುತ್ತದೆಂದು, ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಅಡುಗೆಯವನು ನೆನಪಿಸಿಕೊಳ್ಳುತ್ತಿದ್ದ. ಚಿಕ್ಕವನಿದ್ದಾಗ ಅವನ ತಾಯಿ ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತುಬಿಡುತ್ತಿದ್ದಳು. ಒಳಗೆ ಆಡುತ್ತಿದ್ದ ಅವನ ಮೂಗಿಗೆ ಮೊದಲು ಒಂದು ಸಿಹಿ ಬರುತ್ತಿತ್ತು, ಅದರ ಬೆನ್ನಿಗೇ ಸ್ವಲ್ಪ ಕಹಿ, ಆಮೇಲೆ ಸುಟ್ಟ ಬಟ್ಟೆಯಂಥದೇನೋ. "ಅಮ್ಮಾ, ಹಾಲು!" ಎಂದು ಅವನು ಕೂಗಿದ ಮೇಲೆಯೇ ಅವಳು ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಿದ್ದುದು.

ಆ ಮೂಗೇ ಮುಂದೆ ಅವನಿಗೆ ಅನ್ನ ಕೊಟ್ಟಿತು. ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅವನು ಅಡುಗೆಯವನು. ಮುಚ್ಚಳ ತೆಗೆಯದೆಯೇ ಬೇಳೆಗೆ ಇನ್ನೊಂದು ಕುದಿ ಬೇಕು ಎನ್ನುತ್ತಿದ್ದ; ಹೊಸ ಎಣ್ಣೆಯಲ್ಲಿ ಹಳೆಯದನ್ನು ಬೆರೆಸಿ ತಂದ ಅಂಗಡಿಯವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದ. ಕಳೆದ ಚಳಿಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ಈಗ ಒಗ್ಗರಣೆ ಸಿಡಿಯುವ ಸದ್ದು ಕೇಳುತ್ತಿತ್ತು, ಅಷ್ಟೇ. ನಾಲಿಗೆಗೆ ಉಪ್ಪು, ಖಾರ ಒಂದಿಷ್ಟು ತಿಳಿಯುತ್ತಿತ್ತು. ಉಳಿದದ್ದನ್ನು ಕೈಯ ಅಳತೆಯಲ್ಲಿ, ಅಡುಗೆಮನೆಯ ಸಹಾಯಕಿಯ ಮುಖ ನೋಡಿಕೊಂಡು ದೂಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

"ಅಜ್ಜೀ, ಈ ಸಲ ಅಪ್ಪ ಒಂದೇ ತುತ್ತಿಗೆ ಎಲ್ಲಾ ಹೇಳ್ತಾನೆ ನೋಡ್ತಿರು," ಎಂದಳು ಮಗಳು. ಅವಳನ್ನು ಹೆಸರು ಹಿಡಿದು ಕರೆದವರಿಗಿಂತ ಗುಬ್ಬಿ ಎಂದು ಕರೆದವರೇ ಹೆಚ್ಚು.

"ಹೇಳ್ದೇ ಏನು? ನಾಯಿ ಮೂಗು ಕಣೇ ನಿಮ್ಮಪ್ಪಂದು," ಎಂದಳು ಅವನ ತಾಯಿ. "ಹುಟ್ಟಿದಾಗ ಎಲ್ಲಾ ಮಕ್ಕಳೂ ಅತ್ರೆ ಇವನು ಮೂಸಿ ನೋಡಿದ. ಸೂಲಗಿತ್ತಿ ಹೆದರಿಬಿಟ್ಟಳು."

ಗುಬ್ಬಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ ಹಾಗೆ ಮಾಡಿ ಕಿಟಕಿಯ ಕಡೆ ತಿರುಗಿದ.

ಅವರ ಮನೆಯಲ್ಲಿ ಪ್ರವಾಸಕ್ಕೊಂದು ಕಟ್ಟಳೆಯಿತ್ತು. ಹೋಗಿಬರುವುದು ಸಾದಾ ಬಸ್ಸಿನಲ್ಲಿ, ಊಟ ಮನೆಯ ಡಬ್ಬಿಯದು. ಆದರೆ ಆ ಊರಿನವರು ಏನು ತಿನ್ನುತ್ತಾರೋ ಅದನ್ನು ಒಂದೇ ತಟ್ಟೆ ಕೊಂಡು ನಾಲ್ವರೂ ಹಂಚಿಕೊಳ್ಳಬೇಕು. ಅಡುಗೆಯವನು ಕಣ್ಣು ಮುಚ್ಚಿ ಒಂದು ತುತ್ತು ತಿಂದು, ಅದಕ್ಕೆ ಬಿದ್ದಿರುವುದನ್ನೆಲ್ಲ ಬಿಡಿಸಿ ಹೇಳಬೇಕು. ಮುಂದಿನ ರಜೆಯಲ್ಲಿ ಅದು ಅವರ ಮನೆಯಲ್ಲೇ ಬೇಯುತ್ತಿತ್ತು. ಹೀಗೆ ಕಂಡ ಊರುಗಳೆಲ್ಲ ಅವರ ಒಲೆಯ ಮೇಲೆ ಇನ್ನೊಮ್ಮೆ ಬಂದುಹೋಗುತ್ತಿದ್ದವು. ಜ್ವರದ ಮೇಲೆ ಒಮ್ಮೆ ಬೆನ್ನುನೋವೆಂದು, ಇನ್ನೊಮ್ಮೆ ಮಳೆ ಬರಬಹುದೆಂದು ಅವನು ಪ್ರವಾಸ ತಪ್ಪಿಸಿದ್ದ. ಈ ಸಲ ಹೆಂಡತಿ ಹೊಲಿಗೆ ಮೆಷಿನ್ನಿಗೆ ಹೊದಿಕೆ ಹಾಕಿ, "ನೀವು ಬರದಿದ್ರೆ ನಾವು ಮೂರು ಜನ ಹೋಗ್ತೀವಿ, ಮೂಗನ್ನ ಮಾತ್ರ ಕಳಿಸಿಕೊಡಿ," ಎಂದಿದ್ದಳು.

ಅವರು ಇಳಿದ ಊರಿನ ಕೆರೆ ದೊಡ್ಡದಿತ್ತು. ಏರಿಯ ಉದ್ದಕ್ಕೂ ಕಲ್ಲಿನ ಬೆಂಚು, ಒಂದು ನಲ್ಲಿ, ಬಣ್ಣ ಹೋದ ಉಯ್ಯಾಲೆ. ಏರಿಯ ಕೊನೆಯಲ್ಲಿ ಒಬ್ಬ ಹೆಂಗಸು ಮಣ್ಣಿನ ಮಡಕೆಯಲ್ಲಿ ಕೆರೆಯ ಮೀನು ಬೇಯಿಸುತ್ತಿದ್ದಳು. ಅವಳ ಮುಂದೆ ನಿಂತವರು ಮುಖ ಮುಂದೆ ಮಾಡಿ ಗಾಳಿಯನ್ನು ಎಳೆದುಕೊಳ್ಳುತ್ತಿದ್ದುದು ಅವನಿಗೆ ದೂರದಿಂದಲೇ ಕಂಡಿತು.

"ಮೊದಲು ನಮ್ಮ ಊಟ, ಆಮೇಲೆ ಮೀನು," ಎಂದು ಹೆಂಡತಿ ಮರದಡಿ ಚಾದರ ಹಾಸಿದಳು. ಗುಬ್ಬಿಗೆ ಹಸಿವು ತಡೆಯಲಾಗುತ್ತಿರಲಿಲ್ಲ. ಇನ್ನೂ ಬಿಸಿಲು ನೆತ್ತಿಗೆ ಬಂದಿರಲಿಲ್ಲ, ಆಗಲೇ ತಟ್ಟೆ ಹಿಡಿದು ಕೂತಳು. ಅನ್ನ ಮನೆಯದು. ಕಾಳಿನ ಪಲ್ಯ ಹಾಸ್ಟೆಲಿನದು. ಹಿಂದಿನ ರಾತ್ರಿ ಅರ್ಧ ಹಾಸ್ಟೆಲೇ ಯಾವುದೋ ಸಮಾರಂಭಕ್ಕೆ ಹೋಗಿದ್ದರಿಂದ ದೊಡ್ಡ ಪಾತ್ರೆಯ ತುಂಬ ಪಲ್ಯ ಉಳಿದಿತ್ತು. ಉಳಿದದ್ದನ್ನು ಮನೆಗೆ ಒಯ್ಯಲು ವಾರ್ಡನ್ ಮೇಡಂ ಮೊದಲಿನಿಂದಲೂ ಬಿಟ್ಟಿದ್ದರು. ಬೆಳಗ್ಗೆ ಹೋಗಿ ಅವನು ಡಬ್ಬಿ ತುಂಬಿಕೊಂಡು ಬಂದಿದ್ದ.

ಅವನು ಮುಚ್ಚಳ ತೆಗೆದು ಮೂಸಿ "ಹೂಂ" ಎನ್ನುವತನಕ ಆ ಮನೆಯಲ್ಲಿ ಯಾರೂ ಊಟಕ್ಕೆ ಕೈ ಹಾಕುತ್ತಿರಲಿಲ್ಲ. ಅವನು ಹಾಗೆಂದ ಮೇಲೆ ಯಾರೂ ಮತ್ತೆ ಮೂಸುತ್ತಲೂ ಇರಲಿಲ್ಲ. ಅವನು ಡಬ್ಬಿ ಎತ್ತಿ, ಕಣ್ಣು ಅರೆ ಮುಚ್ಚಿ, ಉಸಿರೆಳೆದ.

"ಘಮ್ ಅಂತಿದೆ. ಬಡಿಸು."

ಗುಬ್ಬಿ ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. "ಅಪ್ಪಾ, ಹುಳಿ ಹಾಕಿದೀಯಾ?"

"ಹೂಂ, ಒಂಚೂರು," ಎಂದ ಅವನು. ಮಾತು ತಾನಾಗಿ ಬಂದುಬಿಟ್ಟಿತು.

ಅಪ್ಪನೇ ಹಾಕಿದ್ದಾನೆಂದ ಮೇಲೆ ಆ ಹುಡುಗಿ ಇನ್ನೊಂದು ತುತ್ತು ತೆಗೆದುಕೊಂಡಳು. ಅಷ್ಟರಲ್ಲಿ ಹೆಂಡತಿ ತನ್ನ ತಟ್ಟೆಯಿಂದ ಒಂದು ಕಾಳು ಬಾಯಿಗೆ ಹಾಕಿಕೊಂಡವಳು ಅಗಿಯುವುದನ್ನು ನಿಲ್ಲಿಸಿದಳು. ಡಬ್ಬಿಯನ್ನು ನೋಡಿದಳು. ಮುಚ್ಚಳದ ಒಳಗೆ ಬಿಳಿ ನೊರೆ ಅಂಟಿಕೊಂಡಿತ್ತು. ಆಮೇಲೆ ಗಂಡನ ಮುಖ ನೋಡಿದಳು. ಅವನು ಮಗಳನ್ನೇ ನೋಡುತ್ತ ನಗುತ್ತಿದ್ದ.

"ಗುಬ್ಬಿ, ಉಗಿ. ಉಗೀತೀಯೋ ಇಲ್ವೋ!"

"ಏನಾಯ್ತೇ?" ಎಂದಳು ಅತ್ತೆ.

"ಏನಿಲ್ಲ ಅತ್ತೆ, ಬಸ್ಸಿನ ಬಿಸಿಗೆ ಹಳಸಿದೆ. ನೀವು ಇವಳ ಬಾಯಿ ಮುಕ್ಕಳಿಸಿ. ರೀ, ಬನ್ನಿ ಇಲ್ಲಿ, ಡಬ್ಬಿ ತೊಳೀಬೇಕು."

ನಲ್ಲಿಯ ಹತ್ತಿರ ಅವಳು ಪಲ್ಯವನ್ನು ಚರಂಡಿಗೆ ಸುರಿದಳು. ಮೂಗಿಗೆ ತೋಳು ಅಡ್ಡ ಹಿಡಿದುಕೊಂಡೇ ಸುರಿದಳು. ಅವನು ಹಾಗೇ ನಿಂತಿದ್ದ.

"ಯಾವಾಗಿಂದ?" ಎಂದಳು, ಅವನ ಕಡೆ ತಿರುಗದೆ.

"ಏನು ಯಾವಾಗಿಂದ?"

"ನನ್ನ ಹತ್ರ ಆಟ ಆಡಬೇಡಿ. ಅವತ್ತು ಇಸ್ತ್ರಿಪೆಟ್ಟಿಗೆ ಕೆಳಗೆ ಗಿರಾಕಿ ಬಟ್ಟೆ ಸುಟ್ಟು ಹೊಗೆ ಎದ್ದಾಗ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. ನನ್ನ ಮೇಲೆ ಕೋಪ ಇರಬೇಕು, ಅದಕ್ಕೇ ಹೇಳಲಿಲ್ಲ ಅಂದ್ಕೊಂಡಿದ್ದೆ."

"ಜ್ವರ ಬಂತಲ್ಲ, ಆವಾಗಿಂದ," ಎಂದ. "ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ಇದ್ದೆ. ಹೇಳಿದ್ರೆ ಯಾರು ಇಟ್ಕೋತಾರೆ? ಕಣ್ಣಿಲ್ದೋನ್ನ ಡ್ರೈವರ್ ಮಾಡ್ತಾರಾ? ನನಗೆ ಬೇರೆ ಏನು ಬರುತ್ತೆ ಹೇಳು."

ಅವಳು ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಡಬ್ಬಿ ತುಂಬಿ ಹೊರಗೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿ ಕೇಳಿದಳು:

"ಅಲ್ಲಿ ಯಾರು ಮೂಸಿ ನೋಡ್ತಾರೆ?"

"ಎಲ್ಲಿ?"

"ಹಾಸ್ಟೆಲಲ್ಲಿ."

"ನಾನೇ," ಎಂದ ಅವನು. ಎಂದವನ ಮುಖ ಸುಣ್ಣದ ಹಾಗಾಯಿತು. ಬೆಳಗ್ಗೆ ಡಬ್ಬಿ ತುಂಬಿಕೊಂಡ ಮೇಲೆ ಅದೇ ಪಾತ್ರೆಯ ಮೇಲೆ ಬಗ್ಗಿ, ಉಸಿರೆಳೆದು, ಸಹಾಯಕಿಗೆ ಹೇಳಿ ಬಂದಿದ್ದ: ಚೆನ್ನಾಗಿದೆ, ಮಧ್ಯಾಹ್ನಕ್ಕೆ ಇದನ್ನೇ ಬಿಸಿ ಮಾಡಿ ಬಡಿಸು.

"ಬಸ್ಸಿನ ಬಿಸಿಗೇ ಹಳಸಿರಬಹುದಲ್ವಾ?" ಎಂದ. ಅದು ಪ್ರಶ್ನೆಯಲ್ಲ, ಬೇಡಿಕೊಳ್ಳುವುದು. "ನೀನೇ ಅಂದೆಯಲ್ಲ ಈಗ. ಪಾತ್ರೆಯಲ್ಲಿ ಚೆನ್ನಾಗೇ ಇದ್ದಿರಬಹುದು."

"ಇರಬಹುದು," ಎಂದಳು ಹೆಂಡತಿ. "ಇಲ್ಲದೇನೂ ಇರಬಹುದು. ಹೇಳೋರು ಯಾರು?"

ರಜೆಯ ದಿನ ಹಾಸ್ಟೆಲಿನಲ್ಲಿ ಊಟ ಬೇಗ. ಇನ್ನೇನು ಬಡಿಸುವ ಹೊತ್ತು. ಅವನು ಫೋನು ತೆಗೆದ, ಮತ್ತೆ ಜೇಬಿಗಿಟ್ಟ, ಮತ್ತೆ ತೆಗೆದ. ಏರಿಯ ಮೇಲೆ ಗುಬ್ಬಿ ಅಜ್ಜಿಯ ಕೈ ಹಿಡಿದೆಳೆಯುತ್ತ ಮೀನಿನ ಮಡಕೆಯ ಕಡೆ ಹೋಗುತ್ತಿದ್ದಳು. ಹೆಂಡತಿ ಬೇಕೆಂದೇ ಡಬ್ಬಿಯನ್ನು ಮತ್ತೆ ತೊಳೆಯತೊಡಗಿದಳು. ಅವನ ಮುಖ ಯಾರೂ ನೋಡದಿರಲಿ ಎಂದಿರಬೇಕು.

"ಮೇಡಂ, ನಾನು, ಅಡುಗೆಯವನು. ಆ ಕಾಳಿನ ಪಲ್ಯ ಬಡಿಸಬೇಡಿ. ಚೆಲ್ಲಿಸಿಬಿಡಿ."

"ಏನ್ರೀ ಇದು? ಹುಡುಗೀರು ತಟ್ಟೆ ಹಿಡ್ಕೊಂಡು ಸಾಲು ನಿಂತಿದ್ದಾರೆ. ಚೆನ್ನಾಗಿದೆ ಅಂತ ಬೆಳಗ್ಗೆ ನೀವೇ ಹೇಳಿ ಹೋದ್ರಂತಲ್ಲ?"

ತಟ್ಟೆಗಳ ಸದ್ದು ಅವನಿಗೆ ಕೇಳುತ್ತಿತ್ತು. ಯಾರೋ ನಗುತ್ತಿದ್ದರು. ಮನೆಗೆ ತಂದದ್ದು ಹಳಸಿತು, ಅದಕ್ಕೇ ಅನುಮಾನ ಬಂತು ಎಂದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾಳೆ? ನಾಳಿದ್ದು? ಮತ್ತೆ ಪಾತ್ರೆಯ ಮೇಲೆ ಬಗ್ಗುವವನು ಅವನೇ.

"ನನಗೆ ವಾಸನೆ ತಿಳಿಯಲ್ಲ ಮೇಡಂ."

"ಏನಂದ್ರಿ?"

"ಜ್ವರ ಬಂದಾಗಿನಿಂದ ಏನೂ ತಿಳಿಯಲ್ಲ. ಬೆಳಗ್ಗೆ ಸುಮ್ನೆ ಹೇಳಿದೆ. ಇಷ್ಟು ದಿನಾನೂ ಸುಮ್ನೇ ಹೇಳಿದೆ."

ಮೇಡಂ ಫೋನನ್ನು ದೂರ ಹಿಡಿದು ಕೂಗಿದರು, "ನಿಲ್ಸಿ, ಯಾರಿಗೂ ಹಾಕಬೇಡಿ, ಹಾಕಿದ್ದನ್ನೂ ತೆಗೀರಿ!" ಮತ್ತೆ ಹತ್ತಿರ ತಂದಾಗ ಅವರ ದನಿ ಇಳಿದಿತ್ತು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಇಳಿದಿತ್ತು. "ನಾಳೆ ಬಂದು ಆಫೀಸಲ್ಲಿ ನನ್ನ ನೋಡಿ. ಅಡುಗೆಮನೆಗೆ ಹೋಗಬೇಡಿ."

ಅವನು ಫೋನು ಹಿಡಿದುಕೊಂಡೇ ಕಲ್ಲಿನ ಬೆಂಚಿನ ಮೇಲೆ ಕುಸಿದ. ಆ ಅಡುಗೆಮನೆಯ ಒಲೆಗಳ ಉರಿ, ಸೌಟುಗಳು ತೂಗುವ ಕೊಕ್ಕೆ, ಒಡೆದ ಮೂಲೆಯ ಆ ಕಡಪ ಕಲ್ಲು, ಯಾವುದಕ್ಕೂ ಹೋಗಿಬರುತ್ತೇನೆಂದು ಹೇಳಿ ಬಂದಿರಲಿಲ್ಲ.

"ಹೇಳಿದ್ರಾ?" ಎಂದಳು ಹೆಂಡತಿ.

"ಹೇಳಿದೆ. ಮುಗೀತು."

ಅವಳು ಒದ್ದೆ ಕೈಯನ್ನು ಅವನ ಭುಜದ ಮೇಲೆ ಒಂದು ಗಳಿಗೆ ಇಟ್ಟು, ಏರಿಯ ಕೊನೆಗೆ ನಡೆದಳು. ಅವಳ ದನಿ ಅವನಿಗೆ ಕೇಳಿಸಿತು: "ಒಂದಲ್ಲಮ್ಮ, ನಾಲ್ಕು ತಟ್ಟೆ ಕೊಡಿ. ಇವತ್ತು ಡಬ್ಬಿ ಊಟ ಕೈಕೊಡ್ತು."

"ಅಪ್ಪಾ, ಬಾ! ಇದರಲ್ಲಿ ಏನೇನಿದೆ ಹೇಳು ಬಾ!"

"ಅವನ್ನ ಸುಮ್ನೆ ಬಿಡು ಮಗಾ," ಎಂದಳು ಅಜ್ಜಿ. ಎಷ್ಟು ಕೇಳಿಸಿಕೊಂಡಿದ್ದಳೋ. "ಇವತ್ತು ನೀನು ಹೇಳು, ನಾನು ಕೇಳ್ತೀನಿ."

ಗುಬ್ಬಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅಗಿಯುತ್ತಿದ್ದಳು. ಮೀನಿನವಳು ಇನ್ನೊಂದು ತಟ್ಟೆಗೆ ಅನ್ನ ಹಾಕಿ, ಮಡಕೆಯ ತಳದಿಂದ ದೊಡ್ಡ ತುಂಡು ಹುಡುಕಿ ಮೇಲಿಟ್ಟಳು. ಸೌಟನ್ನು ಮಡಕೆಯ ಬಾಯಿಗೆ ಒರಗಿಸಿ, ಅಂಗಡಿ ಬಿಟ್ಟು ತಾನೇ ಅವನ ಬೆಂಚಿನ ಹತ್ತಿರ ನಡೆದುಬಂದಳು. ಅವನು ಎರಡೂ ಕೈ ಚಾಚಿದ. ತಟ್ಟೆ ಸುಡುತ್ತಿತ್ತು, ಅವನ ಕೈಗಳು ನಡುಗಿ ಸಾರು ಅಂಚಿಗೆ ಬಂತು. ಆ ನಡುಕ ನಿಲ್ಲುವತನಕ ಅವಳು ತಟ್ಟೆಯ ಇನ್ನೊಂದು ಬದಿಯನ್ನು ಬಿಡದೆ ಹಿಡಿದುಕೊಂಡು ನಿಂತಳು.