ಹನ್ನೊಂದು ಸೊನ್ನೆ

ಆರನೆಯ ಸೊನ್ನೆ ಬರೆಯುವಾಗ ಪ್ರೊಫೆಸರಿಗೆ ಗಣಿತದ ಮೇಷ್ಟ್ರ ಮೇಲೆ ಕೋಪವೇ ಬಂತು. ಹನ್ನೆರಡು ನಿಮಿಷದಿಂದ ಈ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ಗೋಡೆಗೊರಗಿ ನಿಂತಿದ್ದಾರೆ. ಕೊನೆಯ ಬೆಂಚಿನಲ್ಲಿ ಕೂತ ತಾನು ಅವರ ಪಾಠಕ್ಕೆ ಅಂಕ ಹಾಕಲು ಬಂದವಳು ಎನ್ನುವುದನ್ನೇ ಅವರು ಮರೆತಂತಿತ್ತು.

ಅಂಕ ಹಾಕುವ ನಮೂನೆ ಪ್ರೊಫೆಸರರದೇ. ಗಣಿತ, ವಿಜ್ಞಾನದ ಪಾಠ ಸುಧಾರಿಸುವುದು ಹೇಗೆಂದು ಇಪ್ಪತ್ತಾರು ವರ್ಷದ ಹಿಂದೆ ಮಾಡಿ, ಅಂದಿನಿಂದ ಶಾಲೆಯಿಂದ ಶಾಲೆಗೆ ಹಿಡಿದುಕೊಂಡು ಅಲೆದದ್ದು. ನಲವತ್ತು ನಿಮಿಷದ ಪಾಠ, ಎರಡು ನಿಮಿಷಕ್ಕೊಂದರಂತೆ ಹಾಳೆಯಲ್ಲಿ ಇಪ್ಪತ್ತು ಚೌಕ. ಶಿಕ್ಷಕರು ವಿವರಿಸಿದರೆ, ಪ್ರಶ್ನೆ ಕೇಳಿದರೆ, ಮಕ್ಕಳಿಂದ ಉತ್ತರ ಪಡೆದರೆ ಐದು ಅಂಕ. ಸುಮ್ಮನಿದ್ದರೆ ಅದು 'ಪೋಲಾದ ಸಮಯ'. ಸೊನ್ನೆ. ಅವರಿಗೆ ಹೆಸರು ಬಂದದ್ದೂ ಈ ನಮೂನೆಯಿಂದಲೇ.

ಬೆಳಿಗ್ಗೆ ಹೆಡ್‌ಮಾಸ್ಟರು ಮೆಟ್ಟಿಲ ಮೇಲೆಯೇ ತಡೆದು ನಿಲ್ಲಿಸಿದ್ದರು. “ಮೇಡಂ, ಐವತ್ತು ದಾಟದಿದ್ರೆ ಮುಂದಿನ ವರ್ಷ ನಮ್ಮ ಗಣಿತದ ಮೇಷ್ಟ್ರನ್ನ ಇಟ್ಕೊಳ್ಳೋ ಹಾಗಿಲ್ಲ. ನಿಮ್ಮ ನಮೂನೆ ನೋಡೇ ಮಾಡಿರೋ ನಿಯಮ. ಸ್ವಲ್ಪ ಕೈ ಸಡಿಲ ಬಿಡಿ.”

“ಕಂಡದ್ದನ್ನ ಬರೀತೀನಿ,” ಎಂದಿದ್ದರು ಪ್ರೊಫೆಸರು.

ಕಂಡದ್ದಿಷ್ಟು. ಮೇಷ್ಟ್ರು ತುದಿಗಳನ್ನು ಗಂಟು ಹಾಕಿದ, ಒಂದೇ ಅಳತೆಯ ದಾರಗಳನ್ನೂ ಚೌಕುಳಿ ಹಾಳೆಗಳನ್ನೂ ಹಂಚಿ, “ಆಕಾರ ಬದಲಾಯಿಸಿದ್ರೆ ಒಳಗಿನ ಜಾಗ ಬದಲಾಗುತ್ತಾ?” ಎಂದು ಕೇಳಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹುಡುಗಿಯೊಬ್ಬಳಿದ್ದಳು. ತರಗತಿಯಲ್ಲಿ ಅವಳ ಹೆಸರು ವಕೀಲಮ್ಮ. “ದಾರ ಅಷ್ಟೇ ಇದೆಯಲ್ಲಾ ಸಾರ್, ಜಾಗಾನೂ ಅಷ್ಟೇ ಇರುತ್ತೆ,” ಎಂದು ತೀರ್ಪು ಕೊಟ್ಟಳು. ಮೇಷ್ಟ್ರು “ಹೌದಾ?” ಎಂದವರು ಗೋಡೆ ಹಿಡಿದರು. ಮತ್ತೆ ಮಾತಿಲ್ಲ.

ವಕೀಲಮ್ಮ ದಾರವನ್ನು ಚೌಕವಾಗಿಸಿ ಒಳಗಿನ ಮನೆಗಳನ್ನು ಎಣಿಸಿದಳು. ಮೂವತ್ತಾರು. ಉದ್ದಕ್ಕೆ ಎಳೆದಳು. ಇಪ್ಪತ್ತು. ಎಣಿಕೆಯೇ ತಪ್ಪೆಂದು ಪಕ್ಕದವಳನ್ನು ಗದರಿಸಿ ಮತ್ತೆ ಎಣಿಸಿದಳು. ಇನ್ನೂ ಎಳೆದಳು. ಹನ್ನೊಂದು. ಅವಳ ಮುಖ ಸಪ್ಪೆಯಾಯಿತು. ಮೇಷ್ಟ್ರ ತುಟಿ ಒಮ್ಮೆ ಅಲುಗಿ ಮತ್ತೆ ಮುಚ್ಚಿಕೊಂಡಿತು. ಪ್ರೊಫೆಸರು ಒಂಬತ್ತನೆಯ ಸೊನ್ನೆ ಬರೆದರು.

ಆಗ ಹುಡುಗಿ ದಾರವನ್ನು ಪೂರ್ತಿ ಎಳೆದುಬಿಟ್ಟಳು. ಎರಡು ಎಳೆಗಳೂ ಒಂದಕ್ಕೊಂದು ಅಂಟಿಕೊಂಡವು.

“ಸಾರ್,” ಎಂದಳು ಮೆಲ್ಲಗೆ. “ದಾರ ಅಷ್ಟೇ ಇದೆ. ಒಳಗೆ ಏನೂ ಇಲ್ಲ. ಜಾಗ ಎಲ್ಲಿ ಹೋಯ್ತು?”

ಮಕ್ಕಳೆಲ್ಲ ಎದ್ದು ಅವಳ ಸುತ್ತ ನೆರೆದರು. ಅವಳೇ ದಾರವನ್ನು ಮತ್ತೆ ಅಗಲಿಸಿದಳು. ಚೌಕವಾಯಿತು. ಸಾಲದೆಂಬಂತೆ ಬದಿಗಳನ್ನು ಬೆರಳಿನಿಂದ ಹೊರಕ್ಕೆ ತಳ್ಳುತ್ತಾ ಹೋದಳು. ಮೂಲೆಗಳು ಒಂದೊಂದಾಗಿ ಕರಗಿ ದಾರ ದುಂಡಗಾಯಿತು. “ಇದಕ್ಕಿಂತ ಜಾಸ್ತಿ ಆಗಲ್ಲ ಅನ್ಸುತ್ತೆ,” ಎಂದಳು, ಉಸಿರು ಬಿಡಲೂ ಹೆದರಿದವಳಂತೆ.

ಪ್ರೊಫೆಸರಿಗೆ ಮೈ ಜುಮ್ಮೆಂದಿತು. ಸುತ್ತಳತೆ ಒಂದೇ ಆದರೆ ವೃತ್ತದೊಳಗೇ ಹೆಚ್ಚು ಜಾಗ ಎಂಬ ಈ ಮಾತನ್ನು ಅವರು ಜೀವಮಾನವಿಡೀ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದರು. ಅದು ಹೀಗೆ ಹುಟ್ಟುವುದನ್ನು ಮಾತ್ರ ಕಂಡಿರಲಿಲ್ಲ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಯಾರೂ ಹೇಳಿಕೊಡದೆ ಅಲ್ಲಿಗೆ ತಲುಪಿದ್ದಳು. ಎಷ್ಟು ದೊಡ್ಡದು ಇದು, ದೇವರೇ, ಎನಿಸಿ ಕಣ್ಣು ತುಂಬಿತು. ಗಂಟೆ ಹೊಡೆದಾಗ ಹಾಳೆ ನೋಡಿದರು. ಹನ್ನೊಂದು ಸೊನ್ನೆ. ಒಟ್ಟು ನಲವತ್ತೈದು.

ಮಕ್ಕಳು ಹೊರಗೆ ಹೋದ ಮೇಲೆ ಕೇಳಿದರು: “ನೀವು ಸುಮ್ಮನಿದ್ರೆ ಸೊನ್ನೆ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು ಮೇಡಂ.”

“ಕೆಲಸ ಹೋಗುತ್ತೆ ಅಂತ?”

“ಅದೂ ಗೊತ್ತಿತ್ತು. ಉತ್ತರ ನಾಲಿಗೆ ತುದಿಗೇ ಬಂದಿತ್ತು. ಆದ್ರೆ ಅವಳೇ ಇನ್ನೇನು ಅದನ್ನ ಮುಟ್ಟೋದ್ರಲ್ಲಿದ್ದಳಲ್ಲಾ, ಆಗ ಹೇಗೆ ಬಾಯಿ ಬಿಡ್ಲಿ?”

ಪ್ರೊಫೆಸರು ಒಂದು ಸೊನ್ನೆಯನ್ನೂ ತಿದ್ದಲಿಲ್ಲ. 'ಪೋಲಾದ ಸಮಯ' ಎಂಬ ಅಂಕಣವನ್ನೇ ಮೇಲಿನಿಂದ ಕೆಳಗಿನವರೆಗೆ ಹೊಡೆದುಹಾಕಿ, 'ತಪ್ಪು ನಮೂನೆಯದು, ಮಾಡಿದವಳು ನಾನು. ಇವರನ್ನು ಉಳಿಸಿಕೊಳ್ಳಿ' ಎಂದು ಬರೆದು ಸಹಿ ಹಾಕಿದರು. ಹೆಡ್‌ಮಾಸ್ಟರು ಎರಡೆರಡು ಸಲ ಓದಿ ಹಿಗ್ಗಿದರು. ಆಮೇಲೆ ಅವರಿಗೊಂದು ಅನುಮಾನ ಬಂತು. “ಹಾಗಾದ್ರೆ ಮೇಡಂ, ಇಷ್ಟು ವರ್ಷ ಇದರಲ್ಲಿ ಅಂಕ ಕಮ್ಮಿ ಬಂದವರು?”

ಪ್ರೊಫೆಸರು ಮಧ್ಯಾಹ್ನ ಊಟವನ್ನೂ ಮಾಡದೆ ವಿಶ್ವವಿದ್ಯಾಲಯದ ತಮ್ಮ ವಿಭಾಗಕ್ಕೆ ಹೋಗಿ, ಕಪಾಟುಗಳ ಮೇಲಿನ ಹಳೆಯ ಅಂಕದ ಹಾಳೆಗಳ ಕಟ್ಟುಗಳನ್ನು ಇಳಿಸಲು ಜವಾನನಿಗೆ ಹೇಳಿದರು.

“ಯಾವ ವರ್ಷದ್ದು ಮೇಡಂ?”

“ಎಲ್ಲಾ.”

ಮೊದಲ ವರ್ಷದ ಕಟ್ಟು ಬಿಚ್ಚಿದರು. ಮೊದಲ ಹಾಳೆಯಲ್ಲಿ ತಮ್ಮದೇ ಎಳೆಯ, ದುಂಡನೆಯ ಅಕ್ಷರ. ಹದಿಮೂರು ಸೊನ್ನೆ. ಅಂಚಿನಲ್ಲಿ ಟಿಪ್ಪಣಿ: 'ಶಿಕ್ಷಕಿ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದರು. ಮಕ್ಕಳು ಕಾಗದದಲ್ಲಿ ಏನನ್ನೋ ಮಡಿಸುತ್ತಿದ್ದರು.'

ಏನನ್ನು ಎಂದು ಬರೆದಿರಲಿಲ್ಲ. ಪ್ರೊಫೆಸರು ಹಾಳೆ ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು.