ಅಮ್ಮನ ಮುಖದ ಮೇಲೆ ಸುಣ್ಣ

ಬರ್ಮಾದ ಬಗಾನಿನ ಬಯಲಲ್ಲಿ ದೊಡ್ಡ ಗುಡಿಗಳಿಗೆ ಸರ್ಕಾರದ ಕಾವಲಿದೆ. ಶೇಂಗಾ ಹೊಲಗಳ ನಡುವಿನ ಸಣ್ಣವಕ್ಕೆ ನಮ್ಮಂಥ ಮನೆಯವರೇ ದಿಕ್ಕು. ನಮ್ಮ ಪಾಲಿನ ಗುಡಿಯ ಬೀಗದ ಕೈ ಅಪ್ಪನಿಂದ ನನಗೆ ಬಂತು. ಎಪ್ಪತ್ತಾರು ವರ್ಷದ ನನ್ನ ಸೊಂಟದಲ್ಲಿ ಈಗಲೂ ಅದಿದೆ.

ತಮ್ಮ ಚಿಟ್ ಪೇ ಹದಿನೆಂಟಕ್ಕೇ ದಕ್ಷಿಣದ ಮೌಲ್ಮೇನಿಗೆ ಹೋಗಿ ಮೀನುದೋಣಿ ಸೇರಿದವನು. ಕೊನೆಯ ಸಲ ಊರಿಗೆ ಬಂದು ಮೂವತ್ತು ವರ್ಷವೇ ಆಗಿತ್ತು. ಒಂದು ಚಳಿಗಾಲ ಅವನ ಫೋನ್ ಬಂತು. ಕಣ್ಣಿನ ನರ ಸಾಯುತ್ತಿದೆಯಂತೆ, ವರ್ಷದೊಳಗೆ ದೃಷ್ಟಿ ಪೂರ್ತಿ ಹೋಗುತ್ತದಂತೆ. ಅದಕ್ಕೆ ಮುಂಚೆ ದೇಶದ ಹಳೆಯ ಗುಡಿಗಳನ್ನೆಲ್ಲ ನೋಡುತ್ತ ಬರುತ್ತೇನೆ ಅಂದ.

"ಕೊನೇಗೆ ನಮ್ ಗುಡೀಗೆ ಬರ್ತೀನಣ್ಣ. ಅಮ್ಮನ್ನ ಒಂದ್ಸಲ ನೋಡ್ಬಿಟ್ರೆ ಆಮೇಲೆ ಕತ್ಲಾದ್ರೂ ಆಗ್ಲಿ."

ಅಮ್ಮ ಅಂದರೆ ಗುಡಿಯ ಒಳಗೋಡೆಯ ಚಿತ್ರ. ಬುದ್ಧನ ಕತೆಯ ಒಂದು ಮೂಲೆಯಲ್ಲಿ, ಬಿಂದಿಗೆಯನ್ನು ಸೊಂಟಕ್ಕಿಟ್ಟು ತಿರುಗಿ ನೋಡುವ ಹೆಂಗಸು. ಮೇಲಿನ ತುಟಿ ಚೂರು ಓರೆ. ನಮ್ಮ ಅಮ್ಮನದೂ ಹಾಗೇ ಇತ್ತು. ಅವಳು ತೀರಿಕೊಂಡಾಗ ನನಗೆ ಹನ್ನೆರಡು, ಅವನಿಗೆ ಆರು. ಮನೆಯಲ್ಲಿ ಅವಳದೊಂದು ಫೋಟೋವೂ ಇರಲಿಲ್ಲ. ಅಳುತ್ತಿದ್ದವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಗೋ ಅಮ್ಮ ಅಂತ ಆ ಚಿತ್ರ ತೋರಿಸಿದವನು ನಾನೇ.

ಫೋನಿನಲ್ಲೇ ಹೇಳಬೇಕಿತ್ತು. ಬಾ ಅಂದೆ, ಅಷ್ಟೇ.

ಎರಡು ತಿಂಗಳು ಅವನು ಬಸ್ಸಿನಲ್ಲಿ ಊರೂರು ತಿರುಗಿದ, ಅಲ್ಲಲ್ಲಿಂದ ಫೋನ್ ಮಾಡುತ್ತಿದ್ದ. ಪೆಗು ಊರಿನ ಮಲಗಿದ ಬುದ್ಧನ ಕಾಲ ಹೆಬ್ಬೆರಳಲ್ಲಿ ತನ್ನ ದೋಣಿ ಹಿಡಿಸುತ್ತದೆ ಅಂದ. ಪ್ಯೆ ಊರಿನ ಇಟ್ಟಿಗೆ ಗೋಪುರ ಒಣಗಲು ಮಗುಚಿಟ್ಟ ಗಡಿಗೆಯ ಹಾಗಿದೆ ಅಂದ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡು, ಹೇಳದೆಯೇ ಫೋನ್ ಇಡುತ್ತಿದ್ದೆ.

ಬಂದ. ನನ್ನ ಹೆಂಡತಿ ಸೆನ್ ಮ್ಯ ಉಪ್ಪಿನಲ್ಲಿ ಕಳಿತ ಚಹಾ ಎಲೆಗೆ ಹುರಿದ ಬೆಳ್ಳುಳ್ಳಿ, ಶೇಂಗಾ ಕಲಸಿ ಇಟ್ಟಳು. ಮೌಲ್ಮೇನಿನಲ್ಲಿ ಮೀನು ಬಿಟ್ಟು ಬೇರೇನೂ ಸಿಗೋದಿಲ್ಲವಾ, ಇಷ್ಟು ಸೊರಗಿದ್ದೀಯ ಅಂತ ಕಿಚಾಯಿಸಿದಳು.

"ಅಣ್ಣನ್ ಬಾಯಿಗೂ ಬೀಗ ಹಾಕಿದೀರಾ ಅತ್ಗೆ?" ಅಂದ ಅವನು. ಅವಳು ನನ್ನ ಕಡೆ ನೋಡಿದಳು. ನಾನು ಎತ್ತು ಕಟ್ಟಲು ಎದ್ದೆ.

ಗುಡಿಯ ಮುಂದೆ ಇಬ್ಬರೂ ಚಪ್ಪಲಿ ಬಿಟ್ಟೆವು. ಬೀಗ ತೆಗೆದೆ. ಅವನು ಗೋಡೆ ಸವರುತ್ತ ನೇರ ಆ ಮೂಲೆಗೇ ನಡೆದ, ಟಾರ್ಚ್ ಹತ್ತಿಸಿ ಗೋಡೆಗೆ ಮುಖ ಹತ್ತಿರ ತಂದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಅಣ್ಣ, ನನ್ ಕಣ್ಣು ಇವತ್ತೇ ಹೋಯ್ತಾ? ಬರೀ ಬಿಳಿ ಕಾಣ್ತಿದೆ."

ಆಗ ಹೇಳಿದೆ. ಇಪ್ಪತ್ತು ವರ್ಷದ ಹಿಂದೆ ಬಾವಲಿ ಹಿಕ್ಕೆಯಿಂದ ಗೋಡೆಗಳು ಕಪ್ಪಾಗಿದ್ದವು. ಗುಡಿ ಬೆಳ್ಳಗೆ ಮಾಡಿಸಿದರೆ ಸತ್ತವರಿಗೆ ಪುಣ್ಯ. ಅಮ್ಮನ ಹೆಸರಿನಲ್ಲಿ ಮನೆಮಂದಿಯೆಲ್ಲ ಸೇರಿ ಸುಣ್ಣ ಕದಡಿದೆವು. ಆ ಗೋಡೆಗೆ ಬಳಿದವನು ನಾನು. ಅವಳ ಮುಖದ ಹತ್ತಿರ ಬಂದಾಗ ಕೈ ಒಂದು ಗಳಿಗೆ ನಿಂತಿತ್ತು. ಅಮ್ಮನಿಗೆ ಚಿತ್ರಕ್ಕಿಂತ ಪುಣ್ಯ ಮುಖ್ಯ ಅಂದುಕೊಂಡು ಬಳಿದೆ. ಆಮೇಲೆ ರೂಢಿಯಂತೆ ನೆಲಕ್ಕೆ ನೀರು ಬಿಟ್ಟು ಪುಣ್ಯ ಹಂಚುವಾಗ ಅವನ ಹೆಸರನ್ನೂ ಹೇಳಿದ್ದೆ.

"ಹಂಗಾದ್ರೆ ಅದ್ರಲ್ಲಿ ನಂಗೂ ಪಾಲಿದೆ," ಅಂದ.

"ಇದೆ."

"ಅದನ್ನೂ ನೀನೇ ಇಟ್ಕೋ. ಮುಖ ಕೊಡು ನಂಗೆ."

ಹೆಗಲ ಬಟ್ಟೆ ಒದ್ದೆ ಮಾಡಿ ಉಜ್ಜಿದೆ. ಸುಣ್ಣ ಬಿಟ್ಟಿತು. ಅದರ ಜೊತೆ ಕೆಂಪು ಬಣ್ಣವೂ ಪುಡಿಯಾಗಿ ಬಂತು. ಬಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿ, ಅವನು ನನ್ನ ಕೈ ಹಿಡಿದ.

"ಸಾಕು ಬಿಡಣ್ಣ. ಇರೋದಾದ್ರೂ ಒಳಗೇ ಇರ್ಲಿ."

ಟಾರ್ಚ್ ಆರಿಸಿದ. ತುಟಿ ಎಲ್ಲಿತ್ತು, ತೋರಿಸು ಅಂದ. ಅವನ ಬೆರಳು ಹಿಡಿದು ಗೋಡೆಯ ಮೇಲಿಟ್ಟೆ. ಇಲ್ಲೇ ಅಂದೆ. ಅವನು ಅಲ್ಲಿ ಮೆಲ್ಲಗೆ ಸವರತೊಡಗಿದ, ಓರೆಯಾಗಿ, ಎಡದಿಂದ ಬಲಕ್ಕೆ.

ಅದು ಅಲ್ಲೇ ಇತ್ತೋ, ಒಂದು ಗೇಣು ಆಚೆಗಿತ್ತೋ, ನನಗೆ ಗೊತ್ತಿರಲಿಲ್ಲ.